ಕೈಯಾರೆ ಮಾಡಿದ್ದು

ಹೋದ ವರ್ಷ ಅವನು ಚಿಪ್ಸ್ ತಂದಿದ್ದ. ಹುಡುಗಿಯರ ಫುಟ್‌ಬಾಲ್ ತಂಡದ ಪಂದ್ಯಗಳೆಲ್ಲ ಮುಗಿದ ಮೇಲೆ, ಮಕ್ಕಳ ಮನೆಯವರು ಒಂದೊಂದು ತಿಂಡಿ ಹಿಡಿದುಕೊಂಡು ಮೈದಾನದ ಪಕ್ಕದ ಹಾಲ್‌ನಲ್ಲಿ ಸೇರುತ್ತಿದ್ದರು. ತಿಂಡಿಯೂ ಆಟಕ್ಕೆ ಸಂಬಂಧಪಟ್ಟ ಹಾಗೇ ಕಾಣಬೇಕು ಎಂಬುದು ಕೋಚ್ ಮೇಡಂ ಮಾಡಿದ್ದ ನಿಯಮ. ಒಬ್ಬ ಹುಡುಗಿಯ ಅಮ್ಮ ಹಲ್ಲಿನ ಡಾಕ್ಟರ್. ಅವಳು ಇಡೀ ಮೈದಾನವನ್ನೇ ಕೇಕಿನಲ್ಲಿ ಮಾಡಿ ತಂದಿದ್ದಳು: ಹಸಿರು ಕ್ರೀಮಿನ ಹುಲ್ಲು, ಸಕ್ಕರೆಯ ಬಿಳಿ ಗೆರೆ, ಎರಡೂ ತುದಿಗೆ ಗೋಲಿನ ಕಂಬ. ಅದರ ಪಕ್ಕದಲ್ಲಿ ಅವನ ಚಿಪ್ಸ್ ಪ್ಯಾಕೆಟ್‌ಗಳು ಮದುವೆ ಮನೆಗೆ ಚಡ್ಡಿಯಲ್ಲಿ ಬಂದವರ ಹಾಗೆ ಕೂತಿದ್ದವು.

"ಅಪ್ಪಂದಿರ ಅಡುಗೆ ಅಂದ್ರೆ ಇಷ್ಟೇ ಬಿಡಿ, ಪ್ಯಾಕೆಟ್ ಹರಿಯೋದು" ಎಂದು ಡಾಕ್ಟರ್ ನಕ್ಕಳು. ಎಲ್ಲರೂ ನಕ್ಕರು. ಅವನೂ ನಕ್ಕ. ಆದರೆ ಆ ಮಾತು ಹಲ್ಲಿನ ಸಂದಿಯಲ್ಲಿ ಸಿಕ್ಕಿದ ನಾರಿನ ಹಾಗೆ ಅವನಲ್ಲಿ ವರ್ಷವಿಡೀ ಉಳಿಯಿತು.

ಡ್ರೈವಿಂಗ್ ಶಾಲೆಯಲ್ಲಿ ಕಾರು ಕಲಿಸುವುದು ಅವನ ಕೆಲಸ. ಪಕ್ಕದ ಸೀಟಿನಲ್ಲಿ ಕೂತು, ತನ್ನ ಕಾಲಬುಡದಲ್ಲಿದ್ದ ಇನ್ನೊಂದು ಬ್ರೇಕನ್ನು ಕಲಿಯುವವರಿಗಿಂತ ಮೊದಲೇ ಒತ್ತಿಬಿಡುತ್ತಿದ್ದ. ಹಾಗಾಗಿ ದೊಡ್ಡವರಿಗೂ ಮಕ್ಕಳಿಗೂ ಅವನು ಬ್ರೇಕ್ ಮಾಮ. ಕಾಲಿಗಿರುವ ಬ್ರೇಕು ನಾಲಿಗೆಗೂ ಇದ್ದಿದ್ದರೆ ನನ್ನ ಸಂಸಾರ ಇನ್ನೂ ಚೆನ್ನಾಗಿರುತ್ತಿತ್ತು ಎಂದು ಅವನ ಹೆಂಡತಿ ಹೇಳುತ್ತಿದ್ದಳು. ಸಿಟ್ಟಿನಿಂದಲ್ಲ, ಅಕ್ಕರೆಯಿಂದಲೇ.

ಈ ಸಲದ ಪಾರ್ಟಿಗೆ ಇನ್ನೂ ದಿನವಿರುವಾಗಲೇ ಅವನು ತಂಡದ ವಾಟ್ಸಾಪ್ ಗುಂಪಿನಲ್ಲಿ ಹಾಕಿಬಿಟ್ಟಿದ್ದ: "ಈ ವರ್ಷ ಬ್ರೇಕ್ ಮಾಮನ ಕೈರುಚಿ. ಫುಟ್‌ಬಾಲ್ ಚಾಕೊಲೇಟ್ ಉಂಡೆ. ಬೇಯಿಸೋದು ಬೇಡ, ಓವನ್ ಬೇಡ. ಬಿಸ್ಕತ್ತು, ಬೆಣ್ಣೆ ಥರದ ಕ್ರೀಮ್ ಚೀಸು, ಚಾಕೊಲೇಟು, ಅಷ್ಟೇ. ಕೈಯಾರೆ ಮಾಡಿ ತರ್ತೀನಿ, ಎಲ್ಲರೂ ಹೊಟ್ಟೆ ಖಾಲಿ ಇಟ್ಟುಕೊಂಡು ಬನ್ನಿ." ಚಪ್ಪಾಳೆಯ ಚಿತ್ರಗಳು ಸಾಲುಗಟ್ಟಿ ಬಂದವು. ಡಾಕ್ಟರ್ ಮಾತ್ರ "ನೋಡೋಣ" ಎಂದು ಬರೆದಳು.

ಪಾರ್ಟಿಯ ದಿನ ಬೆಳಿಗ್ಗೆ ಹೆಂಡತಿ ಡ್ಯೂಟಿಗೆ ಹೊರಟಿದ್ದಳು. ಅವಳು ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ನರ್ಸ್. ಚಪ್ಪಲಿ ಹಾಕಿಕೊಳ್ಳುತ್ತಾ ಹೇಳಿದಳು:

"ರೀ, ಚೀಸ್ ಅಷ್ಟೂ ಒಂದೇ ಸಲ ಸುರೀಬೇಡಿ. ಸ್ವಲ್ಪ ಸ್ವಲ್ಪ ಹಾಕಿ ಕಲಸಿ. ಆಮೇಲೆ ಉಂಡೆ ಕಟ್ಟಿ ಫ್ರಿಜ್ಜಲ್ಲಿ ಚೆನ್ನಾಗಿ ಗಟ್ಟಿ ಆಗೋಕೆ ಬಿಡಿ. ಅವಸರ ಮಾಡ್ಬೇಡಿ."

"ವಿಡಿಯೋ ನೋಡಿದ್ದೀನಿ ಕಣೇ. ಇದೇನು ರಾಕೆಟ್ಟಾ?"

"ವಾರ್ಡಲ್ಲಿ ಎಲ್ಲರಿಗೂ ಹೇಳಿದ್ದೀನಿ ನಮ್ಮ ಮನೆಯವರು ಮಾಡ್ತಿದ್ದಾರೆ ಅಂತ. ಉಳಿದ್ರೆ ನಾಲ್ಕು ಎತ್ತಿಡಿ."

ಅವಳು ಹೋದ ಮೇಲೆ ಅವನು ಮಗಳನ್ನು ಕರೆದ. ಅಪ್ಪ ಮಗಳು ಸೇರಿ ಚಾಕೊಲೇಟ್ ಬಿಸ್ಕತ್ತನ್ನು ಮಿಕ್ಸಿಗೆ ಹಾಕಿದರು. ಹಾಕುವಾಗ ಒಂದು ಮಿಕ್ಸಿಗೆ, ಒಂದು ಬಾಯಿಗೆ. ಪುಡಿಯಾದಾಗ ನೋಡಿದರೆ ಪಾತ್ರೆಯ ತಳ ಮಾತ್ರ ಮುಚ್ಚಿತ್ತು. ಅದಕ್ಕೆ ಅವನು ಡಬ್ಬದ ಚೀಸನ್ನು ಪೂರ್ತಿ ಸುರಿದ. ಕಲಸಿದ ಮೇಲೆ ಅದು ಕೈಗೆ ಅಂಟಿತೇ ಹೊರತು ಉಂಡೆಯಾಗಲಿಲ್ಲ. ಒಂದನ್ನು ದುಂಡಗೆ ಮಾಡಿ ತಟ್ಟೆಯಲ್ಲಿಟ್ಟು ಇನ್ನೊಂದಕ್ಕೆ ಕೈ ಹಾಕುವಷ್ಟರಲ್ಲಿ ಮೊದಲನೆಯದು ನಿಧಾನವಾಗಿ ಕೂತುಬಿಡುತ್ತಿತ್ತು.

"ಅಪ್ಪ, ಇದು ಸಗಣಿ ಥರ ಇದೆ" ಎಂದು ಮಗಳು ಬಿದ್ದು ಬಿದ್ದು ನಕ್ಕಳು.

"ಸುಮ್ನಿರು. ಚಾಕೊಲೇಟ್ ಅದ್ದಿದ್ರೆ ಸರಿ ಹೋಗುತ್ತೆ."

ಫ್ರಿಜ್ಜಿನಲ್ಲಿ ಗಟ್ಟಿಯಾಗಲು ಬಿಡುವಷ್ಟು ತಾಳ್ಮೆ ಅವನಿಗಿರಲಿಲ್ಲ. ಕುದಿಯುವ ನೀರಿನ ಮೇಲೆ ಬಟ್ಟಲಿಟ್ಟು ಚಾಕೊಲೇಟ್ ಕರಗಿಸಿದ. ಕರಗಿ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಚಮಚಕ್ಕೆ ಅಂಟಿದ್ದ ನೀರು ಅದರೊಳಗೆ ಬಿದ್ದದ್ದೇ ತಡ, ಚಾಕೊಲೇಟು ಮುನಿಸಿಕೊಂಡಂತೆ ಗಂಟು ಕಟ್ಟಿತು. ತೆಳ್ಳಗಾಗಲಿ ಎಂದು ಇನ್ನಷ್ಟು ನೀರು ಹಾಕಿದ. ಈಗ ಅದು ಗಾರೆ ಕೆಲಸಕ್ಕೆ ಆಗುವಂತಿತ್ತು. ಗಣಪನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದಂತಾಗಿತ್ತು ಅವನ ಕತೆ. ಪಾರ್ಟಿಗೆ ಹೆಚ್ಚು ಹೊತ್ತಿರಲಿಲ್ಲ.

ಅವನು ಕೈ ತೊಳೆದು, ಮಗಳನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು, ಎರಡು ಬೀದಿ ಆಚೆಯ ಬೇಕರಿಗೆ ಹೋದ. ಗಾಜಿನ ಹಿಂದೆ ತಟ್ಟೆಯಲ್ಲಿ ಚಾಕೊಲೇಟ್ ಉಂಡೆಗಳಿದ್ದವು. ದುಂಡಗೆ, ನುಣ್ಣಗೆ, ಒಂದಕ್ಕೊಂದು ಅಳೆದು ಮಾಡಿದ ಹಾಗೆ. ತಟ್ಟೆ ಪೂರ್ತಿ ಕಟ್ಟಿಸಿದ. ಒಳಗೆ ಏನಿದೆ ಎಂದು ಕೇಳಬೇಕೆಂದು ಅವನಿಗೆ ಹೊಳೆಯಲೇ ಇಲ್ಲ. ಮನೆಗೆ ಬಂದು ಅವನ್ನು ತಮ್ಮ ಸ್ಟೀಲ್ ಡಬ್ಬಿಗೆ ಸುರಿದು, ಬೇಕರಿಯ ಪೆಟ್ಟಿಗೆಯನ್ನು ಹರಿದು ಕಸದ ಬುಟ್ಟಿಯ ತಳಕ್ಕೆ ತುರುಕಿದ. ಆಮೇಲೆ ಬಿಳಿ ಐಸಿಂಗ್ ತೆಗೆದುಕೊಂಡು ಒಂದೊಂದರ ಮೇಲೂ ಚೆಂಡಿನ ಗೆರೆ ಎಳೆದ. ಗೆರೆ ಚೆನ್ನಾಗಿಯೇ ಬಂತು. ಕೆಲಸ ಮುಗಿಯುವ ಹೊತ್ತಿಗೆ ಉಂಡೆಯನ್ನೂ ತಾನೇ ಮಾಡಿದೆನೆಂದು ಅವನಿಗೇ ಅರ್ಧ ನಂಬಿಕೆ ಬಂದಿತ್ತು.

"ಪುಟ್ಟಿ, ಬೇಕರಿ ವಿಷಯ ಯಾರಿಗೂ ಹೇಳ್ಬೇಡ. ಆಯ್ತಾ?"

"ಅಮ್ಮಂಗೂ?"

"ಅಮ್ಮಂಗೂ. ಇದು ನಮ್ಮಿಬ್ಬರ ಗುಟ್ಟು."

ಗುಟ್ಟು ಎಂದದ್ದಕ್ಕೆ ಮಗಳ ಕಣ್ಣು ಅರಳಿತು. ಅಪ್ಪ ತನ್ನನ್ನು ದೊಡ್ಡವಳ ಲೆಕ್ಕಕ್ಕೆ ಸೇರಿಸಿಕೊಂಡ ಎಂದು ಅವಳಿಗೆ ಹೆಮ್ಮೆಯಾಯಿತು.

ಹಾಲ್‌ನಲ್ಲಿ ಅವನ ಡಬ್ಬಿ ತೆರೆದಾಗ ಮಕ್ಕಳು ಮುಗಿಬಿದ್ದರು. ಹಲ್ಲಿನ ಡಾಕ್ಟರ್ ಒಂದನ್ನು ಎತ್ತಿ, ಬೆಳಕಿಗೆ ಹಿಡಿದು, ತಿರುಗಿಸಿ ನೋಡಿ, ಬಾಯಿಗೆ ಹಾಕಿಕೊಂಡಳು.

"ಸೋತೆ ಮಾರಾಯ್ರೇ. ನಿಜವಾಗ್ಲೂ ನೀವೇ ಮಾಡಿದ್ರಾ?"

"ಇದೇ ಕೈ" ಎಂದು ಅವನು ಎರಡೂ ಅಂಗೈ ಚಾಚಿದ. ಜನ ನಕ್ಕರು. ಆ ನಗು ಈ ಸಲ ಎಷ್ಟು ಹಿತವಾಗಿತ್ತೆಂದರೆ, ಅವನು ಬೆಳಿಗ್ಗೆಯ ಪಾಡನ್ನೆಲ್ಲ ಮರೆತು ಚಾಕೊಲೇಟ್ ಕರಗಿಸುವ ಹದದ ಬಗ್ಗೆ ಪಾಠ ಶುರು ಮಾಡಿದ. "ಒಂದು ಹನಿ ನೀರು ಬೀಳಬಾರದು ನೋಡಿ. ಬಿತ್ತೋ, ಕೆಟ್ಟಿತು."

ಆಗ ಗೋಡೆಯ ಅಮ್ಮ ಹತ್ತಿರ ಬಂದಳು. ಗೋಡೆ ಎಂದರೆ ತಂಡದ ಗೋಲ್‌ಕೀಪರ್ ಹುಡುಗಿ. ಕಡ್ಡಿಯ ಹಾಗಿದ್ದರೂ ಅವಳನ್ನು ದಾಟಿ ಚೆಂಡು ಹೋಗುವುದು ಕಷ್ಟವಾದ್ದರಿಂದ ಆ ಹೆಸರು. ಅವಳ ಅಮ್ಮ ಅಂಚೆ ಕಚೇರಿಯ ಕೌಂಟರಿನಲ್ಲಿ ಕೆಲಸ ಮಾಡುವವಳು, ಮಾತು ಕಡಿಮೆ. ಮಗಳಿಗೆ ಯಾವಾಗಲೂ ಮನೆಯಿಂದಲೇ ಬೇರೆ ಡಬ್ಬಿ ತರುತ್ತಿದ್ದಳು.

"ಇದ್ರಲ್ಲಿ ಕಡಲೆಕಾಯಿ ಇಲ್ಲ ತಾನೆ? ನಮ್ಮವಳಿಗೆ ಅದು ಆಗಲ್ಲ. ಒಂದು ಚೂರು ಸೋಕಿದ್ರೂ ಕಷ್ಟ."

"ಇಲ್ಲ ಇಲ್ಲ. ಬಿಸ್ಕತ್ತು, ಚೀಸು, ಚಾಕೊಲೇಟು. ಗುಂಪಲ್ಲಿ ಹಾಕಿದ್ನಲ್ಲ."

"ನೋಡಿದ್ದೆ. ಆದ್ರೂ ಕೇಳೋಣ ಅಂತ." ಅವಳ ಮುಖ ಸಡಿಲವಾಯಿತು. "ನೀವೇ ಮಾಡಿದ್ದು ಅಂದ್ರೆ ಧೈರ್ಯ. ಅಂಗಡೀದಾದ್ರೆ ನಾನು ಮುಟ್ಟಿಸೋದೇ ಇಲ್ಲ. ಪಾಪ, ಎಲ್ಲರೂ ತಿನ್ನೋವಾಗ ಇವಳೊಬ್ಬಳು ನೋಡ್ಕೊಂಡು ನಿಂತಿರ್ತಾಳೆ."

ಅವನ ನಾಲಿಗೆ ಒಂದು ಗಳಿಗೆ ತಡೆಯಿತು. ಈಗಲೇ ಹೇಳಿಬಿಡಬಹುದಿತ್ತು. ಪಕ್ಕದಲ್ಲಿ ಹಲ್ಲಿನ ಡಾಕ್ಟರ್ ಎರಡನೆಯ ಉಂಡೆ ತಿನ್ನುತ್ತಾ ನಿಂತಿದ್ದಳು. ಬೇಕರಿಯವರು ಮಾತ್ರ ಇನ್ನೇನು ಹಾಕುತ್ತಾರೆ, ಇದೇ ಬಿಸ್ಕತ್ತು ಇದೇ ಚಾಕೊಲೇಟು ಎಂದು ಅವನು ತನಗೆ ತಾನೇ ಹೇಳಿಕೊಂಡ. ಅಷ್ಟರಲ್ಲಿ ಯಾರೋ ಅಂಗಿಯ ಚುಂಗು ಎಳೆದರು. ನೋಡಿದರೆ ಮಗಳು.

"ಅಪ್ಪಾ..."

"ಹೋಗು ಪುಟ್ಟಿ, ದೊಡ್ಡವರು ಮಾತಾಡ್ತಿದ್ದೀವಿ. ಹೋಗಿ ಆಟ ಆಡು."

ಮಗಳು ಅವನ ಮುಖವನ್ನೇ ನೋಡಿದಳು. ಆಮೇಲೆ ಹೋದಳು. ಗೋಡೆಯ ಅಮ್ಮ ಡಬ್ಬಿಯಿಂದ ಒಂದು ಉಂಡೆ ಆರಿಸಿ, ತಾನೇ ಮಗಳ ಕೈಗೆ ಕೊಟ್ಟಳು.

ಸ್ವಲ್ಪ ಹೊತ್ತಿನಲ್ಲೇ ಗೋಡೆ ತುಟಿ ಉಜ್ಜಿಕೊಳ್ಳತೊಡಗಿದಳು. ಕತ್ತಿನ ಮೇಲೆ ಕೆಂಪು ದದ್ದುಗಳು ಎದ್ದವು. ಕೆಮ್ಮು ಬಂತು, ನಿಲ್ಲಲಿಲ್ಲ. ಕುರ್ಚಿಯ ಬೆನ್ನು ಹಿಡಿದು ಉಸಿರೆಳೆದುಕೊಳ್ಳಲು ಒದ್ದಾಡಿದಳು. ಯಾರೋ "ಗಂಟಲಿಗೆ ಸಿಕ್ಕಿಕೊಂಡಿದೆ, ಬೆನ್ನಿಗೆ ತಟ್ಟಿ" ಎಂದರು. ಅವಳ ಅಮ್ಮ ಯಾರ ಮಾತನ್ನೂ ಕೇಳದೆ ಚೀಲದಿಂದ ಅಲರ್ಜಿಗೆಂದೇ ಇಟ್ಟುಕೊಂಡಿದ್ದ ಪೆನ್ನಿನ ಆಕಾರದ ಇಂಜೆಕ್ಷನ್ ತೆಗೆದು, ಮಗಳ ತೊಡೆಗೆ ಒತ್ತಿ ಹಿಡಿದಳು. ಕೋಚ್ ಮೇಡಂ ಆಂಬುಲೆನ್ಸಿಗೆ ಫೋನ್ ಮಾಡುತ್ತಿದ್ದಳು.

"ಏನು ಹಾಕಿದ್ರಿ ಅದ್ರಲ್ಲಿ?" ಎಂದು ಅಮ್ಮ ಮಗಳ ತೊಡೆಯಿಂದ ಕೈ ತೆಗೆಯದೆ ಅವನ ಕಡೆಗೆ ಕೂಗಿದಳು. "ಏನು ಹಾಕಿದ್ರಿ, ಹೇಳಿ!"

ಇಡೀ ಹಾಲ್ ಅವನನ್ನು ನೋಡುತ್ತಿತ್ತು.

"ಬಿಸ್ಕತ್ತು..." ಎಂದ ಅವನು. "ಬಿಸ್ಕತ್ತು, ಚೀಸು..."

"ಅಪ್ಪ ಮಾಡಿದ್ದಲ್ಲ!" ಮಗಳ ದನಿ ಹಾಲ್‌ನ ಆ ತುದಿಯಿಂದ ಬಂತು. ಅವಳು ಅಳುತ್ತಿದ್ದಳು. "ಬೇಕರಿದು ಅದು! ನಮ್ಮದು ಕೆಟ್ಟುಹೋಯ್ತು, ಆಮೇಲೆ ಬೇಕರಿಯಿಂದ ತಂದ್ವಿ!"

ಭೂಮಿ ಬಾಯ್ಬಿಡಬಾರದೇ ಎನ್ನುತ್ತಾರಲ್ಲ, ಆ ಮಾತು ಎಲ್ಲಿಂದ ಹುಟ್ಟಿತೆಂದು ಅವನಿಗೆ ಅಂದು ತಿಳಿಯಿತು. ಆದರೆ ನಾಚಿಕೊಂಡು ನಿಲ್ಲುವುದಕ್ಕೂ ಆಗ ಹೊತ್ತಿರಲಿಲ್ಲ. ಕೋಚ್ ಮೇಡಂ "ಯಾವ ಬೇಕರಿ?" ಎಂದು ಕೇಳಿದಳು, ಅವನು ಹೇಳಿದ, ಅವಳು ಫೋನ್ ಮಾಡಿದಳು. ಉಂಡೆಯ ಒಳಗೆ ಬೆಣ್ಣೆಯ ಜೊತೆ ಕಡಲೆಕಾಯಿ ಬೆಣ್ಣೆಯೂ ಇದೆ, ಕೇಳಿದವರಿಗೆಲ್ಲ ಹೇಳುತ್ತೇವೆ ಎಂದು ಬೇಕರಿಯವನು ತಿಳಿಸಿದ. ಆಂಬುಲೆನ್ಸ್ ಬಂತು. ಗೋಡೆಯನ್ನು ಎತ್ತಿಕೊಂಡು ಹೋಗುವಾಗ ಅವಳ ಕಾಲಲ್ಲಿ ಇನ್ನೂ ಆಟದ ಉದ್ದ ಕಾಲುಚೀಲ ಇತ್ತು. ಒಂದು ಜಾರಿ ಕೆಳಗಿಳಿದಿತ್ತು.

ಆಮೇಲೆ ಯಾರೂ ಅವನಿಗೆ ಒಂದು ಮಾತೂ ಅನ್ನಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಹಲ್ಲಿನ ಡಾಕ್ಟರ್ ಕೈಗೆ ಟಿಶ್ಯೂ ಪೇಪರ್ ಸುತ್ತಿಕೊಂಡು ಡಬ್ಬಿಯಲ್ಲಿ ಉಳಿದಿದ್ದ ಉಂಡೆಗಳನ್ನು ಕಸದ ಚೀಲಕ್ಕೆ ಸುರಿದಳು. ಖಾಲಿ ಡಬ್ಬಿಯನ್ನು ತೊಳೆದು, ಒರೆಸಿ, ಅವನ ಮುಂದಿಟ್ಟು, ಕಣ್ಣು ತಪ್ಪಿಸಿಕೊಂಡು ಹೋದಳು. ಜನ ತಮ್ಮ ಮಕ್ಕಳ ಜಾಕೆಟ್ ಹುಡುಕಿಕೊಂಡು ಒಬ್ಬೊಬ್ಬರಾಗಿ ಹೊರಟರು. ಅವನು ಪೊರಕೆ ಹಿಡಿದು ಹಾಲ್ ಗುಡಿಸಿದ. ಗುಡಿಸಿದ ಜಾಗವನ್ನೇ ಮತ್ತೆ ಗುಡಿಸಿದ. ಮಗಳು ಬಾಗಿಲ ಬಳಿ ಮೆಟ್ಟಿಲ ಮೇಲೆ ಬೆನ್ನು ತಿರುಗಿಸಿ ಕೂತಿದ್ದಳು.

ಆಸ್ಪತ್ರೆಗೆ ಹೋದಾಗ ಸಂಜೆಯ ಬಿಸಿಲು ಇನ್ನೂ ಕಾರಿಡಾರಿನ ನೆಲದ ಮೇಲಿತ್ತು. ಗೋಡೆಯ ಉಸಿರು ಸರಿಯಾಗಿತ್ತು. ಅಲರ್ಜಿ ಮತ್ತೆ ಕಾಣಿಸಿಕೊಂಡೀತೆಂದು ಬೆಳಗಿನವರೆಗೆ ಮಕ್ಕಳ ವಾರ್ಡಿನಲ್ಲೇ ಇರಿಸಿಕೊಂಡಿದ್ದರು. ಅವನ ಹೆಂಡತಿ ಯೂನಿಫಾರ್ಮಿನಲ್ಲೇ ಹೊರಗೆ ಬಂದಳು. ಅವಳಿಗೆ ಆಗಲೇ ಎಲ್ಲ ಗೊತ್ತಾಗಿತ್ತು. ಆದರೂ ಗಂಡನ ಬಾಯಿಂದ ಕೇಳಬೇಕೆಂದು ಸುಮ್ಮನೆ ನಿಂತಳು. ಅವನು ಹೇಳಿದ. ಮಧ್ಯೆ ಮಧ್ಯೆ "ನನಗೆ ಗೊತ್ತಿರಲಿಲ್ಲ" ಎಂಬ ಮಾತು ಬರುತ್ತಿತ್ತು.

"ಗೊತ್ತಿರಲಿಲ್ಲ ಅನ್ನೋದು ಸರಿ" ಎಂದಳು. "ಗೊತ್ತಿಲ್ಲ ಅಂತ ಹೇಳ್ಬಹುದಿತ್ತಲ್ಲ ಆ ತಾಯಿಗೆ. ಪುಟ್ಟಿಗೆ ಏನು ಹೇಳಿದ್ರಿ?"

"ಯಾರಿಗೂ ಹೇಳ್ಬೇಡ ಅಂದೆ."

"ನನಗೂ?"

ಅವನು ಹೂಂ ಎನ್ನುವಂತೆ ತಲೆಯಾಡಿಸಿದ. ಅವಳು ಕಿಟಕಿಯ ಕಡೆ ತಿರುಗಿ ನಿಂತಳು. ಅವನ ಜಂಬಗಳನ್ನು ಇಷ್ಟು ವರ್ಷ ನಗುತ್ತಾ ಸಹಿಸಿದವಳು ಅವಳು. ಅಂದು ನಗಲಿಲ್ಲ.

"ಅವರು ಒಳಗಿದ್ದಾರೆ. ಹೋಗಿ ಮಾತಾಡಿ" ಎಂದಳು. "ನಾನು ಜೊತೆಗೆ ಬರಲ್ಲ. ಇದು ನೀವೇ ಮಾಡಬೇಕಾದ ಕೆಲಸ."

ಗೋಡೆ ಹಾಸಿಗೆಯ ಮೇಲೆ ದಿಂಬಿಗೆ ಒರಗಿ ಕೂತಿದ್ದಳು. ಕಣ್ಣಿನ ಸುತ್ತ ಇನ್ನೂ ಊತವಿತ್ತು. ಅವಳ ಅಮ್ಮ ಪಕ್ಕದ ಸ್ಟೂಲಿನಲ್ಲಿದ್ದಳು. ಅವನು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತುಗಳೆಲ್ಲ ಬಾಗಿಲಲ್ಲೇ ಉದುರಿಹೋದವು.

"ತಪ್ಪಾಯ್ತು" ಎಂದಷ್ಟೇ ಬಂತು.

ಅಮ್ಮ ಮಗಳ ಹೊದಿಕೆ ಸರಿಮಾಡಿದಳು. ಮಾತಾಡಿದ್ದು ಗೋಡೆ.

"ಮಾಮ, ಉಂಡೆ ಮಾತ್ರ ಸೂಪರ್ ಆಗಿತ್ತು" ಎಂದಳು ಒಡೆದ ದನಿಯಲ್ಲಿ. "ನಾನು ಇದುವರೆಗೂ ಅಂಥದ್ದು ತಿಂದೇ ಇರಲಿಲ್ಲ. ಅದರ ಮೇಲಿನ ಗೆರೆನೂ ಬೇಕರಿಯವರೇ ಹಾಕಿದ್ದಾ?"

"ಇಲ್ಲಮ್ಮ. ಗೆರೆ ಮಾತ್ರ ನಾನು ಹಾಕಿದ್ದು."

"ಚೆನ್ನಾಗಿತ್ತು."

ಆ ಮಗುವಿನ ಮೆಚ್ಚುಗೆಯಷ್ಟು ಭಾರದ್ದು ಅಂದು ಇನ್ಯಾವುದೂ ಅವನ ಮೇಲೆ ಬಿದ್ದಿರಲಿಲ್ಲ. ಹೊರಗೆ ಬರುವಾಗ ಅವಳ ಅಮ್ಮ ಬಾಗಿಲವರೆಗೆ ಬಂದಳು. ದನಿ ಏರಿಸದೆ ಮಾತಾಡಿದಳು.

"ಇವತ್ತು ನಾನು ಏನು ತಂದಿದ್ದೆ ಅಂತ ನೋಡಿದ್ರಾ?"

ಅವನಿಗೆ ನೆನಪಾಗಲಿಲ್ಲ.

"ಕಿತ್ತಳೆ ಜ್ಯೂಸು. ಅಂಗಡೀದು. ಜಗ್ಗಿಗೆ ಸುರಿದು ಇಟ್ಟೆ, ಅಷ್ಟೇ. ಯಾರೂ ಏನೂ ಅನ್ನಲಿಲ್ಲ. ನೀವೂ ಅನ್ನಲಿಲ್ಲ. ಕುಡಿದ್ರಿ." ಅವಳು ಬಾಗಿಲ ಚೌಕಟ್ಟಿಗೆ ಒರಗಿದಳು. "ಬೇಕರಿದು ಅಂದಿದ್ರೆ ನಾನು ನಿಮ್ಮನ್ನ ಕೀಳು ಮಾಡ್ತಿದ್ನಾ? ಸರಿ ಅಂತ ಹೇಳಿ ಅವಳ ಡಬ್ಬಿ ಅವಳಿಗೆ ಕೊಡ್ತಿದ್ದೆ. ನನ್ನ ಕೈಯಿಂದಲೇ ಕೊಡಿಸಿಬಿಟ್ರಲ್ಲ ನೀವು ಅದನ್ನ."

ಉತ್ತರಕ್ಕೆ ಕಾಯದೆ ಅವಳು ಮಗಳ ಬಳಿಗೆ ಹೋದಳು.

ಮರುದಿನ ಬೆಳಿಗ್ಗೆ ಗೋಡೆ ಮನೆಗೆ ಹೋದಳೆಂದು ಹೆಂಡತಿ ಹೇಳಿದ ಮೇಲೆ, ಅವನು ಅಡುಗೆಮನೆಯಲ್ಲಿ ನಿಂತು ಗುಂಪಿಗೆ ಒಂದು ಸಂದೇಶ ಬರೆದ. ಮೊದಲು ಬರೆದದ್ದರಲ್ಲಿ "ಸಮಯದ ಅಭಾವದಿಂದ" ಎಂದಿತ್ತು. ಓದಿ ನೋಡಿದರೆ ಅದೂ ಮೀಸೆಗೆ ಅಂಟಿದ ಮಣ್ಣು ಒರೆಸಿಕೊಳ್ಳುವ ಮಾತೇ. ಅಳಿಸಿದ. ಕೊನೆಗೆ ಹಾಕಿದ್ದು ಇಷ್ಟು: "ಉಂಡೆ ನಾನು ಮಾಡಿದ್ದಲ್ಲ. ನನ್ನದು ಕೆಟ್ಟುಹೋಯಿತು, ಬೇಕರಿಯಿಂದ ತಂದೆ. ಕಡಲೆಕಾಯಿ ಇದೆಯಾ ಎಂದು ನೇರವಾಗಿ ಕೇಳಿದಾಗಲೂ ಸುಳ್ಳು ಹೇಳಿದೆ. ನನ್ನ ಮಗಳ ಬಾಯಿಯನ್ನೂ ಮುಚ್ಚಿಸಿದ್ದೆ. ಅವಳು ನಿಜ ಹೇಳಿದಳು, ನಾನು ಹೇಳಲಿಲ್ಲ." ಎಲ್ಲರೂ ಓದಿದ್ದರ ಗುರುತು ಬಂತು. ಯಾರೂ ಏನೂ ಬರೆಯಲಿಲ್ಲ. ಯಾರದೋ ತಾತ ಮಾತ್ರ ಹೆಬ್ಬೆರಳು ಎತ್ತಿದ ಚಿತ್ರ ಹಾಕಿ, ತಕ್ಷಣ ತೆಗೆದ. ಕೈ ತಾಗಿ ಹೋಗಿದ್ದಿರಬೇಕು.

ಅವನು ಅಂದುಕೊಂಡದ್ದಕ್ಕಿಂತ ಬೇಗ ಜನ ಆ ವಿಷಯ ಬಿಟ್ಟರು. ಡ್ರೈವಿಂಗ್ ಶಾಲೆಯಲ್ಲಿ ಯಾರೋ ಒಂದೆರಡು ದಿನ ಪಿಸುಗುಟ್ಟಿದರು, ಅಷ್ಟೇ. ಬಿಡದಿದ್ದದ್ದು ಮನೆಯಲ್ಲಿ. ಮಗಳು ಮುನಿಸಿಕೊಂಡಿರಲಿಲ್ಲ. ಮೊದಲಿನ ಹಾಗೇ ಅವನ ಬೆನ್ನ ಮೇಲೆ ಹತ್ತುತ್ತಿದ್ದಳು, ಸ್ಕೂಟರಿನ ಹಿಂದೆ ಕೂತು ಹಾಡುತ್ತಿದ್ದಳು. ಆದರೆ ಅವನು ಏನು ಹೇಳಿದರೂ ಈಗ "ನಿಜಾನಾ?" ಎಂದು ಕೇಳುತ್ತಿದ್ದಳು. ನಾಳೆ ಅಜ್ಜಿ ಬರ್ತಾರೆ ಎಂದರೆ, ನಿಜಾನಾ? ನೆಲ ಒದ್ದೆಯಾಗಿದೆ, ಹೊರಗೆ ಆಡೋಕಾಗಲ್ಲ ಎಂದರೆ, ನಿಜಾನಾ? ಕೇಳಿ, ಅವನ ಉತ್ತರಕ್ಕೂ ನಿಲ್ಲದೆ, ಅಮ್ಮನ ಹತ್ತಿರ ಹೋಗಿ ಖಾತ್ರಿ ಮಾಡಿಕೊಳ್ಳುತ್ತಿದ್ದಳು. ಅದರಲ್ಲಿ ಕುಹಕವಿರಲಿಲ್ಲ. ಅಡ್ಡರಸ್ತೆಯಲ್ಲಿ ಎರಡೂ ಕಡೆ ನೋಡಿ ದಾಟುವ ಹಾಗೆ ಅದೊಂದು ಅಭ್ಯಾಸವಾಗಿಬಿಟ್ಟಿತ್ತು. ಅವನಿಗೆ ಸಿಟ್ಟು ಮಾಡುವ ಹಕ್ಕಿರಲಿಲ್ಲ. ಹೆಂಡತಿ ಬೇರೆ ಕೆಲಸದಲ್ಲಿದ್ದಂತೆ ಮುಖ ತಿರುಗಿಸಿಕೊಂಡು "ಹೌದು ಕಣೆ, ನಿಜ" ಎನ್ನುತ್ತಿದ್ದಳು.

ಹೊಸ ಸೀಸನ್ನಿನ ಪ್ರ್ಯಾಕ್ಟೀಸ್ ಶುರುವಾದಾಗ ಅವನು ಮೈದಾನದ ಒಳಗೆ ಹೋಗದೆ ಬೇಲಿಯ ಹೊರಗೆ ಸ್ಕೂಟರಿಗೆ ಒರಗಿ ನಿಲ್ಲತೊಡಗಿದ. ಗೋಡೆ ದೂರದಿಂದಲೇ ಕೈಬೀಸುತ್ತಿದ್ದಳು. ಅವಳ ಅಮ್ಮ ಬೀಸುತ್ತಿರಲಿಲ್ಲ.

ಒಂದು ಶನಿವಾರ ಅವಳು ಮೈದಾನ ದಾಟಿ ಬೇಲಿಯ ಹತ್ತಿರ ನೇರವಾಗಿ ಬಂದಳು. ಚೀಲದಿಂದ ಆ ಪೆನ್ನಿನಂಥದ್ದನ್ನೇ ತೆಗೆದಳು.

"ಇದು ಅಭ್ಯಾಸಕ್ಕೆ ಅಂತ ಕೊಡೋದು. ಸೂಜಿ ಇಲ್ಲ, ಔಷಧಿ ಇಲ್ಲ" ಎಂದಳು. "ಕೌಂಟರ್ ಮುಚ್ಚಿ ಬರೋಷ್ಟರಲ್ಲಿ ನನಗೆ ತಡ ಆಗುತ್ತೆ. ಕೋಚ್ ಮೇಡಂಗೆ ಕಲಿಸಿದ್ದೀನಿ. ಅವರು ಇಪ್ಪತ್ತು ಮಕ್ಕಳನ್ನ ನೋಡ್ಕೋಬೇಕು. ಮಕ್ಕಳಿಗಿಂತ ಮುಂಚೆ ಬಂದು ಕೊನೆಗೆ ಹೋಗೋರು ನೀವೊಬ್ಬರೇ. ಕಲ್ತುಕೊಳ್ಳಿ."

"ನಾನಾ?"

"ಇನ್ಯಾರಿದ್ದಾರೆ ಇಲ್ಲಿ?" ಅವಳು ಅವನ ಮುಖ ನೋಡದೆ ಮುಚ್ಚಳ ತೋರಿಸಿದಳು. "ಕ್ಷಮಿಸಿದ್ದೀನಿ ಅಂತ ತಿಳ್ಕೋಬೇಡಿ. ಅವಳಿಗೆ ಬೇಕಾಗುತ್ತೆ, ಅದಕ್ಕೆ."

"ತಿಳ್ಕೊಳ್ಳಲ್ಲ."

ಅವನು ಅದನ್ನು ತಲೆಕೆಳಗಾಗಿ ಹಿಡಿದ. ಅವಳು ತಿರುಗಿಸಿ ಕೊಟ್ಟಳು. ಮುಚ್ಚಳ ಎಳೆಯುವುದು, ತೊಡೆಯ ಹೊರಮಗ್ಗುಲಿಗೆ ಒತ್ತುವುದು, ಟಕ್ ಎನ್ನುವವರೆಗೆ ಒತ್ತಿ ಹಾಗೇ ಹಿಡಿದಿರುವುದು. ಎಷ್ಟೋ ಜನರಿಗೆ ಗೇರು ಬದಲಿಸಲು ಕಲಿಸಿದವನು ಮೊದಲ ಸಲ ಬೇಗ ತೆಗೆದುಬಿಟ್ಟ. "ಇನ್ನೊಂದ್ಸಲ" ಎಂದಳು. ಮಾಡಿದ. "ಇನ್ನೊಂದ್ಸಲ." ಸರಿಯಾಗುವವರೆಗೆ ಅವಳು ಬಿಡಲಿಲ್ಲ. ನಿಜವಾದ ಇಂಜೆಕ್ಷನ್ ಗೋಡೆಯ ಕೆಂಪು ಚೀಲದ ಮುಂದಿನ ಜೇಬಿನಲ್ಲಿರುತ್ತದೆ ಎಂದು ತೋರಿಸಿ, ಬಂದ ಹಾಗೇ ಹೋಗಿ ಬೆಂಚಿನ ಮೇಲೆ ಕೂತಳು.

ಮಗಳು ಇದನ್ನೆಲ್ಲ ಮೈದಾನದ ನಡುವಿನಿಂದ ನೋಡುತ್ತಿದ್ದವಳು ಓಡಿ ಬಂದಳು. ಮೊಣಕಾಲಿಗೆ ಮಣ್ಣು ಮೆತ್ತಿತ್ತು.

"ಅಪ್ಪ, ಏನಂದ್ರು ಅವರು?"

"ಗೋಡೆಗೆ ಹಾಗೇನಾದ್ರೂ ಆದ್ರೆ ಇಂಜೆಕ್ಷನ್ ಹೇಗೆ ಕೊಡ್ಬೇಕು ಅಂತ ಹೇಳ್ಕೊಟ್ರು. ನನಗೆ."

"ನಿನಗಾ? ನಿಜಾನಾ?"

"ನಿಜ."

ಮಗಳು ತಿರುಗಿ ಬೆಂಚಿನ ಕಡೆ ನಡೆದು, ಗೋಡೆಯ ಅಮ್ಮನ ಮುಂದೆ ನಿಂತು ಏನೋ ಕೇಳಿದಳು. ಅವನು ಬೇಲಿಯ ತಂತಿ ಹಿಡಿದು ನಿಂತಿದ್ದ. ಕೇಳಿದ ಪ್ರಶ್ನೆ ಏನೆಂದು ಅವನಿಗೆ ಗೊತ್ತಿತ್ತು. ಆ ಹೆಂಗಸು ಮಗುವಿನ ಮುಖ ನೋಡಿದಳು, ಆಮೇಲೆ ಮೈದಾನದಾಚೆ ಅವನ ಕಡೆ ನೋಡಿದಳು, ಹೌದೆಂದು ತಲೆಯಾಡಿಸಿದಳು.